ಫಿಲಡೆಲ್ಫಿಯಾದ ಚೀಸ್‌ಸ್ಟೇಕ್: ಯಾವ ಅಂಗಡಿಯನ್ನು ಆರಿಸಿಕೊಳ್ಳಬೇಕು?

ಅಮೆರಿಕದ ಫಿಲಡೆಲ್ಫಿಯಾ ನಗರವನ್ನು ನೋಡಲು ಬಂದವರು ಚೀಸ್‌ಸ್ಟೇಕ್ ತಿನ್ನದೆ ಹಿಂದಿರುಗುವುದು ಅಪರೂಪ. ಅವರಲ್ಲಿ ಹೆಚ್ಚಿನವರು ದಕ್ಷಿಣ ಫಿಲಡೆಲ್ಫಿಯಾದಲ್ಲಿ 9ನೆಯ ಬೀದಿಯೂ ಪ್ಯಾಶಂಕ್ ಅವೆನ್ಯೂವೂ ಸೇರುವ ಕೂಡುರಸ್ತೆಗೆ ಹೋಗುತ್ತಾರೆ. ಅಲ್ಲಿ ಎದುರುಬದುರಾಗಿರುವ ಪ್ಯಾಟ್ಸ್ ಮತ್ತು ಜೀನೋಸ್ ಎಂಬ ಎರಡು ಅಂಗಡಿಗಳಲ್ಲಿ ಒಂದೊಂದು ತಿಂದು, ಎರಡರಲ್ಲಿ ತಮಗೆ ಹಿಡಿಸಿದ್ದೇ ಇಡೀ ನಗರದಲ್ಲಿ ಶ್ರೇಷ್ಠವಾದದ್ದು ಎಂದು ತೀರ್ಮಾನಿಸಿಬಿಡುತ್ತಾರೆ. ಆ ಎರಡು ಅಂಗಡಿಗಳಿಗಿಂತ ಉತ್ತಮವಾದ ಚೀಸ್‌ಸ್ಟೇಕನ್ನು ದಶಕಗಳಿಂದ ಮಾಡಿಕೊಂಡು ಬಂದಿರುವ ಅಂಗಡಿಗಳು ನಗರದ ಬೇರೆ ಬೇರೆ ಬಡಾವಣೆಗಳಲ್ಲಿವೆ. ಪೆನ್ಸಿಲ್ವೇನಿಯಾ, ದಕ್ಷಿಣ ನ್ಯೂಜೆರ್ಸಿ ಮತ್ತು ಡೆಲವೇರ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಅವರ ಮನೆಗೆ ಬರುವ ಬಂಧುಮಿತ್ರರಿಗೂ ಈ ಆಯ್ಕೆಯಲ್ಲಿ ನೆರವಾಗಲೆಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಚೀಸ್‌ಸ್ಟೇಕ್ ಎಂದರೆ ಬಹಳ ತೆಳುವಾಗಿ ಹೆಚ್ಚಿದ ದನದ ಮಾಂಸವನ್ನು ಕಾದ ಕಾವಲಿಯ ಮೇಲೆ ಬೇಯಿಸಿ, ಚೀಸ್ ಕರಗಿಸಿ, ಬೇಕೆಂದವರಿಗೆ ಹುರಿದ ಈರುಳ್ಳಿಯನ್ನೂ ಸೇರಿಸಿ, ಮುಕ್ಕಾಲು ಅಡಿಯಿಂದ ಒಂದು ಅಡಿಯವರೆಗೆ ಉದ್ದವಿರುವ ಬ್ರೆಡ್ ರೋಲ್‌ನಲ್ಲಿ ತುಂಬಿಕೊಡುವ ತಿನಿಸು. ಮೂಲದಲ್ಲಿ ಅದು ದನದ ಮಾಂಸದ್ದೇ ಎಂಬುದನ್ನು ಮೊದಲೇ ತಿಳಿಸುವುದು ನನ್ನ ಕರ್ತವ್ಯ. ಅದನ್ನು ತಿನ್ನದವರಿಗೂ ಸಸ್ಯಾಹಾರಿಗಳಿಗೂ ಈ ನಗರದಲ್ಲಿ ಒಳ್ಳೆಯ ದಾರಿಗಳಿವೆ; ಅವುಗಳನ್ನು ಮುಂದೆ ಬೇರೆಯಾಗಿಯೇ ವಿವರಿಸಿದ್ದೇನೆ.

ಯಾವುದನ್ನು ನೋಡಿ ಅಳೆಯಬೇಕು

ಹೆಸರುವಾಸಿಯಾದ ಅಂಗಡಿ ಯಾವುದು, ಯಾವ ಚೀಸ್ ಹಾಕಿಸಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಚರ್ಚೆ ಸಾಮಾನ್ಯವಾಗಿ ಸುತ್ತುತ್ತದೆ. ನನ್ನ ಮಟ್ಟಿಗೆ ಅವೆರಡೂ ನಂತರದ ಮಾತು. ಮೊದಲು ನೋಡಬೇಕಾದದ್ದು ರೋಲ್. ಎರಡನೆಯದು, ಮಾಂಸವನ್ನು ನಾವು ಕೇಳಿದ ಮೇಲೆ ಕಾವಲಿಗೆ ಹಾಕಿದರೋ ಅಥವಾ ಮೊದಲೇ ಬೇಯಿಸಿ ರಾಶಿ ಮಾಡಿಟ್ಟದ್ದರಿಂದ ತೆಗೆದುಕೊಟ್ಟರೋ ಎಂಬುದು. ಈ ಎರಡು ಸರಿಯಿದ್ದರೆ ಉಳಿದದ್ದು ರುಚಿಭೇದದ ವಿಷಯವಾಗುತ್ತದೆ; ಇವು ಸರಿಯಿಲ್ಲದಿದ್ದರೆ ಎಷ್ಟು ಚೀಸ್ ಸುರಿದರೂ ಪ್ರಯೋಜನವಿಲ್ಲ.

ರೋಲ್‌ಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಬೆಂದ ಮಾಂಸದಿಂದ ಕೊಬ್ಬು ಮತ್ತು ರಸ, ಈರುಳ್ಳಿಯಿಂದ ನೀರು, ಕರಗಿದ ಚೀಸ್‌ನ ಜಿಡ್ಡು ಎಲ್ಲವೂ ಒಟ್ಟಾಗಿ ಅದರೊಳಕ್ಕೆ ಇಳಿಯುತ್ತವೆ. ಬರೀ ಮೆತ್ತಗಿರುವ ರೋಲ್ ಅಷ್ಟೂ ರಸವನ್ನು ಹೀರಿಕೊಂಡು ಅರ್ಧ ತಿನ್ನುವುದರೊಳಗೆ ಮುದ್ದೆಯಾಗಿ ಹರಿದುಹೋಗುತ್ತದೆ. ತೀರ ಗಟ್ಟಿಯಾದರೆ ಕಚ್ಚಿದಾಗ ಒಳಗಿನದೆಲ್ಲ ಹಿಂಬದಿಯಿಂದ ಹೊರಗೆ ಬರುತ್ತದೆ, ಬಾಯಿಯ ಮೇಲ್ಭಾಗವೂ ತರಚುತ್ತದೆ. ಹೊರಪದರ ತೆಳುವಾಗಿ ಗರಿಗರಿಯಾಗಿರಬೇಕು, ಒಳಗು ಮೃದುವಾಗಿದ್ದರೂ ಜಗಿದಾಗ ತುಸು ಎಳೆಯುವಂತಿರಬೇಕು. ಇಟಲಿಯಿಂದ ವಲಸೆ ಬಂದ ಕುಟುಂಬಗಳ ಬೇಕರಿಗಳು ಈ ನಗರದಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಇಂತಹ ರೋಲ್‌ಗಳನ್ನು ಸುಡುತ್ತ ಬಂದಿವೆ. 1904ರಲ್ಲಿ ಆರಂಭವಾದ ಅಮೊರೊಸೊ ಬೇಕರಿಯ ಮೃದುವಾದ ರೋಲ್‌ಗಳನ್ನು ಅನೇಕ ಅಂಗಡಿಗಳು ಬಳಸುತ್ತವೆ. 9ನೆಯ ಬೀದಿಯಲ್ಲಿ 1918ರಿಂದ ನಡೆಯುತ್ತಿರುವ ಸಾರ್ಕೋನೆ ಬೇಕರಿ ಎಳ್ಳು ಹಾಕಿದ ಗಟ್ಟಿ ಹೊರಪದರದ ರೋಲ್‌ಗೆ ಹೆಸರಾಗಿದೆ. ಈ ಎರಡು ಬಗೆಗಳ ನಡುವಿನ ಅಂತರವೇ ಇಂದು ನಗರದ ಹಳೆಯ ಮತ್ತು ಹೊಸ ಅಂಗಡಿಗಳನ್ನು ಬೇರ್ಪಡಿಸುವ ದೊಡ್ಡ ಗೆರೆ. ನನ್ನ ಒಲವು ಎಳ್ಳಿನ ರೋಲ್‌ನ ಕಡೆಗಿದೆ, ಏಕೆಂದರೆ ಅದು ಕೊನೆಯ ತುತ್ತಿನವರೆಗೂ ಆಕಾರ ಬಿಡುವುದಿಲ್ಲ, ಸುಟ್ಟ ಎಳ್ಳಿನ ಘಮವೂ ಮಾಂಸದ ಕೊಬ್ಬಿಗೆ ಚೆನ್ನಾಗಿ ಹೊಂದುತ್ತದೆ.

ಮಾಂಸದ ವಿಷಯದಲ್ಲಿ ಹೆಚ್ಚಿನ ಒಳ್ಳೆಯ ಅಂಗಡಿಗಳು ಪಕ್ಕೆಲುಬಿನ ಭಾಗದ ರಿಬ್‌ಐ ಎಂಬ ತುಂಡನ್ನು ಬಳಸುತ್ತವೆ. ಅದರ ಎಳೆಗಳ ನಡುವೆ ಹರಡಿಕೊಂಡಿರುವ ಕೊಬ್ಬು ಕಾವಲಿಯ ಮೇಲೆ ಕರಗಿ ಮಾಂಸವನ್ನು ಒಣಗಲು ಬಿಡುವುದಿಲ್ಲ. ಅದನ್ನು ಹಾಳೆಯಂತೆ ಇಡಿಯಾಗಿ ಬೇಯಿಸುವವರಿದ್ದಾರೆ, ಸಟ್ಟುಗದಿಂದ ಒರಟಾಗಿ ಕತ್ತರಿಸುವವರಿದ್ದಾರೆ, ಪುಡಿಯಾಗುವಷ್ಟು ಸಣ್ಣಗೆ ಕೊಚ್ಚುವವರೂ ಇದ್ದಾರೆ. ಇಡಿಯಾದ ಹಾಳೆಗಳಲ್ಲಿ ಮಾಂಸದ ರುಚಿ ಎದ್ದು ಕಾಣುತ್ತದೆ. ಸಣ್ಣಗೆ ಕೊಚ್ಚಿದ್ದರಲ್ಲಿ ಚೀಸ್ ಪ್ರತಿ ಚೂರಿಗೂ ಅಂಟಿಕೊಂಡು ಎಲ್ಲವೂ ಒಂದೇ ಹದವಾಗುತ್ತದೆ. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ, ಆದರೆ ತನಗೆ ಯಾವುದು ಇಷ್ಟವೆಂದು ತಿಳಿದುಕೊಂಡವರಿಗೆ ಅಂಗಡಿಯ ಆಯ್ಕೆ ಅರ್ಧದಷ್ಟು ಸುಲಭವಾಗುತ್ತದೆ.

ಚೀಸ್‌ಗಳಲ್ಲಿ ಮೂರು ಮುಖ್ಯ: ಅಮೆರಿಕನ್, ಪ್ರೊವೊಲೋನ್, ಮತ್ತು ಚೀಸ್ ವಿಜ್ ಎಂಬ ಡಬ್ಬಿಯ ಕಿತ್ತಳೆ ಬಣ್ಣದ ಸಾಸ್. ಚೀಸ್ ವಿಜ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1953ರಲ್ಲಿ, ಎಂದರೆ ಈ ತಿನಿಸು ಹುಟ್ಟಿ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹಾಗಾಗಿ ವಿಜ್ ಇಲ್ಲದಿದ್ದರೆ ಅದು ನಿಜವಾದ ಚೀಸ್‌ಸ್ಟೇಕ್ ಅಲ್ಲ ಎಂಬ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ. ಇತ್ತೀಚೆಗೆ ಹಲವು ಅಂಗಡಿಗಳು ಕೂಪರ್ ಶಾರ್ಪ್ ಎಂಬ, ಅಮೆರಿಕನ್ ಚೀಸ್‌ನಂತೆಯೇ ನುಣ್ಣಗೆ ಕರಗುವ ಆದರೆ ಹೆಚ್ಚು ಚುರುಕಾದ ರುಚಿಯಿರುವ ಚೀಸನ್ನು ಬಳಸುತ್ತಿವೆ. ಸಿಕ್ಕಿದಲ್ಲಿ ನಾನು ಅದನ್ನೇ ಶಿಫಾರಸು ಮಾಡುತ್ತೇನೆ. ಇಲ್ಲಿ ಸ್ಥಳೀಯ ರೂಢಿಯೂ ಬಲವಾಗಿದೆ. ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಲು ಪ್ರಚಾರ ಮಾಡುತ್ತಿದ್ದ ಜಾನ್ ಕೆರಿ 2003ರಲ್ಲಿ ಪ್ಯಾಟ್ಸ್ ಅಂಗಡಿಯಲ್ಲಿ ಸ್ವಿಸ್ ಚೀಸ್ ಕೇಳಿದ್ದು ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ಕೂಡುರಸ್ತೆಯ ಎರಡು ಅಂಗಡಿಗಳು

ಈ ತಿನಿಸಿನ ಕಥೆ ಆರಂಭವಾಗುವುದು ಪ್ಯಾಟ್ಸ್ ಕಿಂಗ್ ಆಫ್ ಸ್ಟೇಕ್ಸ್‌ನಿಂದ. ಹಾಟ್ ಡಾಗ್ ಮಾರುತ್ತಿದ್ದ ಪ್ಯಾಟ್ ಒಲಿವಿಯೇರಿ 1930ರಲ್ಲಿ ತನ್ನ ಊಟಕ್ಕೆಂದು ಒಂದಿಷ್ಟು ದನದ ಮಾಂಸವನ್ನು ಕಾವಲಿಯ ಮೇಲೆ ಹುರಿದು ರೋಲ್‌ನಲ್ಲಿಟ್ಟುಕೊಂಡರೆಂದೂ, ಅಲ್ಲಿಗೆ ಬಂದ ಟ್ಯಾಕ್ಸಿ ಚಾಲಕನೊಬ್ಬ ಅದರ ವಾಸನೆಗೆ ಮನಸೋತು ತನಗೂ ಅದನ್ನೇ ಕೊಡುವಂತೆ ಕೇಳಿದನೆಂದೂ ಅಂಗಡಿಯವರು ಹೇಳಿಕೊಂಡು ಬಂದಿದ್ದಾರೆ. ಪ್ಯಾಟ್ ಮತ್ತು ಸಹೋದರ ಹ್ಯಾರಿ ಕಟ್ಟಿದ ಆ ಅಂಗಡಿ ಇಂದಿಗೂ ಅದೇ ಜಾಗದಲ್ಲಿದೆ. ಚೀಸ್ ಸೇರಿಕೊಂಡದ್ದು ಎಷ್ಟೋ ವರ್ಷಗಳ ನಂತರ. ಜೋಯಿ ವೆಂಟೊ 1966ರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಜೀನೋಸ್ ಸ್ಟೇಕ್ಸ್ ಆರಂಭಿಸಿದ ಮೇಲೆ ಈ ಪೈಪೋಟಿ ನಗರದ ಗುರುತುಗಳಲ್ಲಿ ಒಂದಾಯಿತು. ಪ್ಯಾಟ್ಸ್ ದಿನದ 24 ಗಂಟೆ ತೆರೆದಿರುತ್ತದೆ.

ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಮಾಂಸದಲ್ಲಿದೆ. ಪ್ಯಾಟ್ಸ್‌ನಲ್ಲಿ ಅದನ್ನು ಸಟ್ಟುಗದಿಂದ ಒರಟಾಗಿ ಕತ್ತರಿಸುತ್ತಾರೆ. ಜೀನೋಸ್‌ನಲ್ಲಿ ಹಾಳೆಗಳನ್ನು ಕತ್ತರಿಸದೆ ಹಾಗೆಯೇ ರೋಲ್‌ಗೆ ಜೋಡಿಸುತ್ತಾರೆ. ಪ್ಯಾಟ್ಸ್‌ನದು ಹೆಚ್ಚು ರಸಭರಿತವಾಗಿಯೂ ಜೀನೋಸ್‌ನದು ಹೆಚ್ಚು ಒಣಗಿದಂತೆಯೂ ನನಗೆ ಕಾಣುತ್ತದೆ, ಆದ್ದರಿಂದ ಈ ಎರಡರಲ್ಲಿ ಆರಿಸಬೇಕಾದರೆ ಪ್ಯಾಟ್ಸ್ ಮೇಲು. ಆದರೆ ಜನಸಂದಣಿಯ ಹೊತ್ತಿನಲ್ಲಿ ಸಾಲು ಬೇಗ ಸಾಗಲೇಬೇಕಾದ ಇಂತಹ ಕಡೆ ಮಾಂಸವನ್ನು ಮೊದಲೇ ಬೇಯಿಸಿ ಕಾವಲಿಯ ಅಂಚಿನಲ್ಲಿ ಬಿಸಿಯಾಗಿಟ್ಟಿರುವುದು ಅನಿವಾರ್ಯವಾಗುತ್ತದೆ, ಅದರ ಪರಿಣಾಮ ರುಚಿಯಲ್ಲಿ ತಿಳಿಯುತ್ತದೆ. ಇಲ್ಲಿ ಚೀಸ್‌ನ ಹೆಸರನ್ನು ಮೊದಲು ಹೇಳಿ, ಈರುಳ್ಳಿ ಬೇಕಾದರೆ ‘ವಿತ್’, ಬೇಡವಾದರೆ ‘ವಿತೌಟ್’ ಎಂದು ಚುಟುಕಾಗಿ ಹೇಳುವುದು ವಾಡಿಕೆ. ಕಿಟಕಿಯ ಬಳಿ ಹೋಗುವ ಮೊದಲೇ ನಿರ್ಧರಿಸಿಕೊಂಡಿದ್ದರೆ ಹಿಂದೆ ನಿಂತವರಿಗೂ ಅನುಕೂಲ.

ಭಾಷೆಯ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರಿಗೆ ಜೀನೋಸ್‌ನ ಇತಿಹಾಸದ ಒಂದು ಅಧ್ಯಾಯ ತಿಳಿದಿರುವುದು ಒಳ್ಳೆಯದು. ಗಿರಾಕಿಗಳು ಇಂಗ್ಲಿಷ್‌ನಲ್ಲೇ ಕೇಳಬೇಕು ಎಂದು ವೆಂಟೊ ಹಾಕಿದ್ದ ಫಲಕ 2006ರಲ್ಲಿ ರಾಷ್ಟ್ರಮಟ್ಟದ ವಿವಾದವಾಯಿತು. ಅದು ತಾರತಮ್ಯವಲ್ಲವೆಂದು ನಗರದ ಮಾನವ ಸಂಬಂಧಗಳ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತಾದರೂ, ವೆಂಟೊ ಅವರ ನಿಧನಾನಂತರ, 2016ರಲ್ಲಿ, ಅವರ ಮಗನೇ ಅದನ್ನು ತೆಗೆಸಿದರು. ಸುತ್ತಲಿನ ಬೀದಿಗಳಲ್ಲಿ ಮೆಕ್ಸಿಕೊ, ವಿಯೆಟ್ನಾಂ, ಕಾಂಬೋಡಿಯಾ ಮೂಲದ ಕುಟುಂಬಗಳು ಹೆಚ್ಚಾಗಿ ನೆಲೆಸುತ್ತಿದ್ದ ಕಾಲದಲ್ಲಿ ನಡೆದ ಆ ಘಟನೆಯನ್ನು ಈ ನಗರದ ವಲಸಿಗರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ.

ಪ್ರಯಾಣ ಮಾಡಿ ಹೋಗಬೇಕಾದ ಅಂಗಡಿಗಳು

ನನ್ನ ಅಳತೆಗೋಲಿನಲ್ಲಿ ಮೊದಲ ಸ್ಥಾನ ಜಾನ್ಸ್ ರೋಸ್ಟ್ ಪೋರ್ಕ್‌ಗೆ. ಸ್ನೈಡರ್ ಅವೆನ್ಯೂವಿನ ಪೂರ್ವದ ತುದಿಯಲ್ಲಿ, ಡೆಲವೇರ್ ನದಿಯ ಬಂದರು ಪ್ರದೇಶಕ್ಕೆ ಹತ್ತಿರವಾಗಿ ಇರುವ ಈ ಸಣ್ಣ ಕಟ್ಟಡದ ಅಂಗಡಿಯೂ ಪ್ಯಾಟ್ಸ್‌ನಂತೆ 1930ರಲ್ಲೇ ಆರಂಭವಾದದ್ದು. 2006ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಇದಕ್ಕೆ ‘ಅಮೆರಿಕಾಸ್ ಕ್ಲಾಸಿಕ್ಸ್’ ಗೌರವ ನೀಡಿತು. ಒಂದೇ ಊರಿನ ಜನರ ಪ್ರೀತಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಊಟದ ಮನೆಗಳಿಗೆ ಸಲ್ಲುವ ಗೌರವ ಅದು. ಹೆಸರಿನಲ್ಲಿ ಹಂದಿ ಮಾಂಸವಿದ್ದರೂ ಇಲ್ಲಿನ ಚೀಸ್‌ಸ್ಟೇಕ್ ಅದಕ್ಕೆ ಸಮನಾಗಿ ನಿಲ್ಲುತ್ತದೆ. ಒಬ್ಬೊಬ್ಬ ಗಿರಾಕಿಯ ಮಾಂಸವನ್ನೂ ಕೇಳಿದ ಮೇಲೆಯೇ ಕಾವಲಿಗೆ ಹಾಕುತ್ತಾರೆ, ಈರುಳ್ಳಿಯನ್ನು ಅದರ ಜೊತೆಯಲ್ಲೇ ಬೇಯಿಸುತ್ತಾರೆ, ಚೀಸನ್ನು ಮಾಂಸದೊಳಕ್ಕೆ ಮಡಚಿ ಕರಗಿಸುತ್ತಾರೆ. ಅನಂತರ ಕಾರಾಂಜಿ ಬೇಕರಿಯ ಎಳ್ಳಿನ ರೋಲ್‌ಗೆ ತುಂಬುತ್ತಾರೆ. ಹೀಗೆ ಮಾಡುವುದರಿಂದ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ, ಆದರೆ ಕೈಗೆ ಬಂದದ್ದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಾಂಸ, ಈರುಳ್ಳಿ, ಚೀಸ್ ಒಂದೇ ಪ್ರಮಾಣದಲ್ಲಿ ಸಿಗುತ್ತವೆ. ಪ್ರೊವೊಲೋನ್ ಇಷ್ಟಪಡುವವರು ಇಲ್ಲಿ ಬಲಿತ, ಚುರುಕು ರುಚಿಯ ಪ್ರೊವೊಲೋನ್ ಕೇಳಿ ತಿನ್ನಬೇಕು. ಅನಾನುಕೂಲವೆಂದರೆ ಸಮಯ: ಇದು ಮೂಲತಃ ದುಡಿಯುವ ಜನರ ಹಗಲಿನ ಅಂಗಡಿ, ತಡರಾತ್ರಿಗೆ ತೆರೆದಿರುವುದಿಲ್ಲ, ಭಾನುವಾರ ಮುಚ್ಚಿರುತ್ತದೆ.

ಇದಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲದ್ದು ಏಂಜಲೋಸ್ ಪಿಜ್ಜೇರಿಯಾ. ಡ್ಯಾನಿ ಡಿಜಾಂಪಿಯೆಟ್ರೊ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್‌ನಿಂದ ಇದನ್ನು 2019ರಲ್ಲಿ ದಕ್ಷಿಣ ಫಿಲಡೆಲ್ಫಿಯಾದ 9ನೆಯ ಬೀದಿಗೆ ತಂದರು. ಇಲ್ಲಿ ರೋಲ್ ಹೊರಗಿನ ಬೇಕರಿಯದ್ದಲ್ಲ. ಅಂಗಡಿಯಲ್ಲೇ ನಾದಿ, ಹುದುಗಿಸಿ, ಎಳ್ಳು ಉದುರಿಸಿ ಸುಟ್ಟದ್ದು. ರೋಲ್ ಒಂದನ್ನೇ ಅಳೆದರೆ ನಗರದಲ್ಲಿ ಇದಕ್ಕೆ ಮಿಗಿಲಾದದ್ದಿಲ್ಲ ಎಂದು ನಾನು ನಂಬುತ್ತೇನೆ. ಕಾವಲಿಯಿಂದ ನೇರವಾಗಿ ಎಲೆಗೆ ಬಂದ ದೋಸೆಗೂ ಪೊಟ್ಟಣದಲ್ಲಿ ಮನೆಗೆ ತಂದ ದೋಸೆಗೂ ಇರುವ ಅಂತರವೇ ಅಂದೇ ಸುಟ್ಟ ರೋಲ್‌ಗೂ ಲಾರಿಯಲ್ಲಿ ಬಂದ ರೋಲ್‌ಗೂ ಇದೆ. ಕೂಪರ್ ಶಾರ್ಪ್ ಚೀಸ್ ಮಾಂಸದೊಡನೆ ಬೆರೆತು ಕೆನೆಯಂತಾಗುತ್ತದೆ. ಆದರೆ ಕೂತು ತಿನ್ನಲು ಒಳಗೆ ಜಾಗವಿಲ್ಲ, ಸಾಲು ಬಹಳ ಉದ್ದವಿರುತ್ತದೆ, ಮಳೆ ಅಥವಾ ಹಿಮದ ದಿನಗಳಲ್ಲಿ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವುದು ಕಷ್ಟ. ಜಾನ್ಸ್‌ಗಿಂತ ಇದನ್ನು ನಾನು ಕೂದಲೆಳೆಯಷ್ಟು ಕೆಳಗೆ ಇರಿಸುವುದಕ್ಕೆ ಇದೊಂದು ಕಾರಣ. ರೋಲ್ ಅಷ್ಟು ಗಟ್ಟಿಮುಟ್ಟಾಗಿರುವುದರಿಂದ ಕೆಲವೊಮ್ಮೆ ಮಾಂಸವನ್ನು ಹಿಂದಕ್ಕೆ ಸರಿಸಿ ತಾನೇ ಮುಂದಾಗುತ್ತದೆ ಎಂಬುದು ಇನ್ನೊಂದು.

ಮೆತ್ತನೆಯ ರೋಲ್, ಸಣ್ಣಗೆ ಕೊಚ್ಚಿದ ಮಾಂಸ ಇಷ್ಟಪಡುವವರು ನಗರದ ವಾಯವ್ಯದ ಗುಡ್ಡಗಳ ಮೇಲಿರುವ ರಾಕ್ಸ್‌ಬರೋ ಬಡಾವಣೆಗೆ ಹೋಗಬೇಕು. ಹೆನ್ರಿ ಅವೆನ್ಯೂ ಮತ್ತು ವೆಂಡೋವರ್ ಬೀದಿ ಸೇರುವಲ್ಲಿ ಡಾಲೆಸಾಂಡ್ರೋಸ್ ಇದೆ, 1960ರಲ್ಲಿ ಆರಂಭವಾದದ್ದು. ಮಾಂಸದ ಪ್ರಮಾಣ ಇಲ್ಲಿ ಬಹಳ ಹೆಚ್ಚು, ಅದನ್ನು ಸಟ್ಟುಗಗಳಿಂದ ನುಣ್ಣಗೆ ಕೊಚ್ಚಿರುತ್ತಾರೆ. ಕೊಚ್ಚಿದ ಮಾಂಸದ ಶೈಲಿಯಲ್ಲಿ ಇದೇ ಮೊದಲನೆಯದೆಂದು ನನ್ನ ಅಭಿಪ್ರಾಯ. ಹಲ್ಲಿನ ತೊಂದರೆಯಿರುವ ಹಿರಿಯರಿಗೆ ಬೇರೆಲ್ಲದಕ್ಕಿಂತ ಇದೇ ಸೂಕ್ತ. ಆದರೆ ರೋಲ್ ಬೇಗ ನೆನೆಯುವುದರಿಂದ ಕಟ್ಟಿಸಿಕೊಂಡು ಹೋಗಲು ಇದು ತಕ್ಕದ್ದಲ್ಲ.

ಇದಕ್ಕೆ ತದ್ವಿರುದ್ಧವಾದ ಶೈಲಿ ಈಶಾನ್ಯ ಫಿಲಡೆಲ್ಫಿಯಾದ ಬಸಲ್ಟನ್ ಅವೆನ್ಯೂವಿನಲ್ಲಿ 1980ರಿಂದಿರುವ ಸ್ಟೀವ್ಸ್ ಪ್ರಿನ್ಸ್ ಆಫ್ ಸ್ಟೇಕ್ಸ್‌ನದು. ಅಲ್ಲಿ ಮಾಂಸವನ್ನು ಕತ್ತರಿಸುವುದೇ ಇಲ್ಲ. ಉದ್ದನೆಯ ಹಾಳೆಗಳ ಮೇಲೆ ಕರಗಿಸಿದ ಅಮೆರಿಕನ್ ಚೀಸ್ ಸುರಿಯುತ್ತಾರೆ. ಜೀನೋಸ್‌ನ ಶೈಲಿ ಇಷ್ಟವಾಗಿಯೂ ಅಲ್ಲಿನ ಒಣತನ ಹಿಡಿಸದವರಿಗೆ ಇದು ಒಳ್ಳೆಯ ಉತ್ತರ.

ನಗರದ ನಡುಭಾಗದಲ್ಲೇ ತಂಗಿರುವವರಿಗೆ ಸೌತ್ ಸ್ಟ್ರೀಟ್‌ನ ಜಿಮ್ಸ್ ಹತ್ತಿರ. ಮೂಲ ಜಿಮ್ಸ್ 1939ರಲ್ಲಿ ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಆರಂಭವಾಯಿತು. ಸೌತ್ ಸ್ಟ್ರೀಟ್‌ನ ಅಂಗಡಿ ತೆರೆದದ್ದು 1976ರಲ್ಲಿ. 2022ರ ಜುಲೈಯಲ್ಲಿ ಬೆಂಕಿ ಬಿದ್ದು ಮುಚ್ಚಿದ್ದ ಅದು 2024ರಲ್ಲಿ ಮತ್ತೆ ತೆರೆಯಿತು. ರುಚಿಯಲ್ಲಿ ನಡುಮಟ್ಟದ್ದಾದರೂ ಕೂತು ತಿನ್ನಲು ಅನುಕೂಲವಿದೆ. ನದಿಯ ಆಚೆ, ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿರುವ ಡಾಂಕೀಸ್ ಪ್ಲೇಸ್ ಉದ್ದನೆಯ ರೋಲ್ ಬದಲು ಗಸಗಸೆ ಹಾಕಿದ ದುಂಡನೆಯ ರೋಲ್‌ನಲ್ಲಿ ಚೀಸ್‌ಸ್ಟೇಕ್ ಕೊಡುತ್ತದೆ. ದಕ್ಷಿಣ ನ್ಯೂಜೆರ್ಸಿಯಲ್ಲಿ ಮನೆಮಾಡಿಕೊಂಡವರು ಸೇತುವೆ ದಾಟುವ ಮೊದಲು ಅದನ್ನೊಮ್ಮೆ ತಿಂದು ನೋಡುವುದು ಲೇಸು.

ದನದ ಮಾಂಸ ತಿನ್ನದವರಿಗೆ

ಕೋಳಿ ಮಾಂಸದ ಚೀಸ್‌ಸ್ಟೇಕ್ ಇಂದು ನಗರದ ಬಹುತೇಕ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದನ್ನು ದನದ ಮಾಂಸ ಬೇಯಿಸಿದ ಕಾವಲಿಯ ಮೇಲೆಯೇ, ಅದೇ ಸಟ್ಟುಗದಿಂದಲೇ ಮಾಡುವುದು ಸಾಮಾನ್ಯ. ಅಣಬೆ ಮತ್ತು ದೊಣ್ಣೆಮೆಣಸಿನಕಾಯಿ ತುಂಬಿದ, ಮಾಂಸವಿಲ್ಲದ ರೋಲ್‌ಗೂ ಇದೇ ಮಾತು ಅನ್ವಯಿಸುತ್ತದೆ. ಇದರ ಬಗ್ಗೆ ನಿಷ್ಠೆಯುಳ್ಳವರು ಬೇರೆ ಕಾವಲಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಲೇಬೇಕು. ಕೇಳುವುದರಲ್ಲಿ ಸಂಕೋಚ ಬೇಡ. ಪ್ರೊವೊಲೋನ್‌ನಂತಹ ಚೀಸ್‌ಗಳನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಪದಾರ್ಥದಿಂದ ಹೆಪ್ಪುಗಟ್ಟಿಸುತ್ತಾರೆಂಬುದೂ ಸಸ್ಯಾಹಾರಿಗಳಿಗೆ ತಿಳಿದಿರಬೇಕಾದ ಸಂಗತಿ.

ಈ ಸಂಶಯಗಳೊಂದೂ ಬೇಡವೆನ್ನುವವರಿಗೆ ಹಿಪ್‌ಸಿಟಿವೆಜ್ ನಿಶ್ಚಿಂತೆಯ ಆಯ್ಕೆ. 2012ರಲ್ಲಿ ಆರಂಭವಾದ ಈ ಉಪಾಹಾರ ಮಂದಿರದಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಬಳಸುವುದಿಲ್ಲ. ಇನ್ನು ದಕ್ಷಿಣ ಫಿಲಡೆಲ್ಫಿಯಾದ ಟ್ರಯಾಂಗಲ್ ಟ್ಯಾವರ್ನ್‌ನಲ್ಲಿ ಗೋಧಿಯ ಅಂಟಿನಿಂದ ಮಾಡುವ ಸೈತಾನ್ ಎಂಬ ಪದಾರ್ಥದ ಚೀಸ್‌ಸ್ಟೇಕ್ ಸಿಗುತ್ತದೆ. ಕಾವಲಿಯ ಸೊಗಡು ಅದರಲ್ಲಿ ಎಷ್ಟು ಚೆನ್ನಾಗಿ ಇಳಿದಿರುತ್ತದೆಂದರೆ, ಮಾಂಸ ತಿನ್ನುವವರೂ ತೃಪ್ತಿಯಿಂದ ತಿನ್ನುತ್ತಾರೆ. ಆದರೆ ಅದು ಮಾಂಸಾಹಾರವೂ ಇರುವ ಜಾಗ.

ಹಲಾಲ್ ಮಾಂಸವನ್ನೇ ಬಯಸುವವರು ಪಶ್ಚಿಮ ಫಿಲಡೆಲ್ಫಿಯಾದ 45ನೆಯ ಬೀದಿ ಮತ್ತು ವಾಲ್ನಟ್ ಬೀದಿ ಸೇರುವಲ್ಲಿರುವ ಸಾದ್ಸ್ ಹಲಾಲ್ ರೆಸ್ಟೋರೆಂಟ್‌ಗೆ ಹೋಗಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಮತ್ತು ಡ್ರೆಕ್ಸೆಲ್ ವಿಶ್ವವಿದ್ಯಾಲಯಗಳಲ್ಲಿ ಓದುವ ವಿದ್ಯಾರ್ಥಿಗಳಿಗೂ ಅದು ದೂರವಲ್ಲ. ದನದ ಮಾಂಸ ತಿನ್ನದಿದ್ದರೂ ಹಂದಿ ಮಾಂಸ ತಿನ್ನುವ ಕೊಡಗಿನವರಿಗೆ ನಾನು ಮತ್ತೆ ಜಾನ್ಸ್ ಅನ್ನೇ ಸೂಚಿಸುತ್ತೇನೆ. ನಿಧಾನವಾಗಿ ಬೇಯಿಸಿ ತೆಳುವಾಗಿ ಹೆಚ್ಚಿದ ಹಂದಿ ಮಾಂಸಕ್ಕೆ ಬಲಿತ ಪ್ರೊವೊಲೋನ್ ಮತ್ತು ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪನ್ನು ಸೇರಿಸಿದ ಇಲ್ಲಿನ ರೋಲ್, ಈ ನಗರದ ಅತ್ಯುತ್ತಮ ಸ್ಯಾಂಡ್‌ವಿಚ್ ಎಂಬ ಪಟ್ಟಕ್ಕೆ ಚೀಸ್‌ಸ್ಟೇಕ್‌ಗಿಂತಲೂ ಹೆಚ್ಚು ಅರ್ಹವೆಂದು ವಾದಿಸುವವರು ದಕ್ಷಿಣ ಫಿಲಡೆಲ್ಫಿಯಾದಲ್ಲಿ ಬಹಳ ಮಂದಿ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ.

ಹೋಲಿಸುವ ಬಗೆ

ತಾವೇ ಹೋಲಿಸಿ ನೋಡಬೇಕೆನ್ನುವವರು ಎಲ್ಲ ಕಡೆಯೂ ಒಂದೇ ಬಗೆಯದನ್ನು ಕೇಳಬೇಕು. ಒಂದು ಕಡೆ ವಿಜ್, ಇನ್ನೊಂದು ಕಡೆ ಪ್ರೊವೊಲೋನ್, ಮತ್ತೊಂದು ಕಡೆ ಅಣಬೆ, ಟೊಮೆಟೊ ಸಾಸ್ ಹಾಕಿಸಿಕೊಂಡರೆ ಹೋಲಿಕೆ ಅಂಗಡಿಗಳದ್ದಾಗದೆ ಪದಾರ್ಥಗಳದ್ದಾಗುತ್ತದೆ. ಅಮೆರಿಕನ್ ಚೀಸ್ ಮತ್ತು ಹುರಿದ ಈರುಳ್ಳಿ ಹೋಲಿಕೆಗೆ ಸೂಕ್ತ, ಏಕೆಂದರೆ ಅವು ಎಲ್ಲೆಡೆ ಸಿಗುತ್ತವೆ, ಮಾಂಸದ ಮತ್ತು ರೋಲ್‌ನ ದೋಷಗಳನ್ನು ಮುಚ್ಚಿಡುವುದೂ ಇಲ್ಲ. ಒಂದು ಚೀಸ್‌ಸ್ಟೇಕ್ ಇಬ್ಬರಿಗೆ ಸಾಕಾಗುವಷ್ಟಿರುತ್ತದೆ. ಮೂರು ನಾಲ್ಕು ಮಂದಿ ಸೇರಿ ಹಂಚಿಕೊಂಡರೆ ಒಂದೇ ದಿನ ಹಲವನ್ನು ನೋಡಬಹುದು. ಕೈಗೆ ಬಂದ ಕೂಡಲೇ ಅಲ್ಲಿಯೇ ತಿನ್ನಬೇಕು. ಕಾಗದದಲ್ಲಿ ಸುತ್ತಿಟ್ಟ ರೋಲ್ ತನ್ನದೇ ಹಬೆಯಲ್ಲಿ ಮೆತ್ತಗಾಗುವುದರಿಂದ, ಮನೆಗೆ ಕೊಂಡೊಯ್ದು ತಿಂದು ಕೊಡುವ ತೀರ್ಪು ಅಂಗಡಿಗೆ ನ್ಯಾಯ ಒದಗಿಸುವುದಿಲ್ಲ.

ಏಂಜಲೋಸ್, ಪ್ಯಾಟ್ಸ್ ಮತ್ತು ಜೀನೋಸ್ 9ನೆಯ ಬೀದಿಯಲ್ಲೇ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಬ್ರಾಡ್ ಸ್ಟ್ರೀಟ್ ಸುರಂಗ ರೈಲಿನ ಎಲ್ಸ್‌ವರ್ತ್-ಫೆಡರಲ್ ನಿಲ್ದಾಣದಲ್ಲಿಳಿದರೆ ನಡಿಗೆಯಲ್ಲೇ ತಲುಪಬಹುದು, ದಾರಿಯಲ್ಲಿ ಹಳೆಯ ಇಟಾಲಿಯನ್ ಮಾರುಕಟ್ಟೆಯನ್ನೂ ನೋಡಬಹುದು. ಜಾನ್ಸ್, ಡಾಲೆಸಾಂಡ್ರೋಸ್ ಮತ್ತು ಸ್ಟೀವ್ಸ್‌ಗೆ ಕಾರಿದ್ದರೆ ಅನುಕೂಲ. ನಗದನ್ನು ಮಾತ್ರ ಪಡೆಯುವ ಹಳೆಯ ಪದ್ಧತಿ ಈ ವ್ಯಾಪಾರದಲ್ಲಿ ಪೂರ್ತಿ ಹೋಗಿಲ್ಲದ ಕಾರಣ ಜೇಬಿನಲ್ಲಿ ಸ್ವಲ್ಪ ನಗದು ಇಟ್ಟುಕೊಂಡಿರಬೇಕು, ತೆರೆಯುವ ವೇಳೆಯನ್ನು ಹೊರಡುವ ಮೊದಲು ಖಚಿತಪಡಿಸಿಕೊಳ್ಳಬೇಕು.

ಒಂದೇ ಒಂದು ಊಟಕ್ಕೆ ಅವಕಾಶವಿರುವವರು, ವಾರದ ದಿನ ಮಧ್ಯಾಹ್ನವಾದರೆ ಜಾನ್ಸ್‌ಗೆ ಹೋಗಲಿ. ಕಾಯಲು ವ್ಯವಧಾನವಿದ್ದು ಹವೆ ಚೆನ್ನಾಗಿದ್ದರೆ ಏಂಜಲೋಸ್. ಮನೆಮಂದಿಯೆಲ್ಲ ಕಾರಿನಲ್ಲಿ ಹೊರಟಿದ್ದು, ಜೊತೆಯಲ್ಲಿ ವಯಸ್ಸಾದವರಿದ್ದರೆ ಡಾಲೆಸಾಂಡ್ರೋಸ್. ಭಾನುವಾರ ರಾತ್ರಿ ತಡವಾಗಿ ವಿಮಾನದಿಂದಿಳಿದು ಬೆಳಗಿನೊಳಗೆ ಮತ್ತೆ ಹೊರಡಬೇಕಾದವರಿಗೆ ಪ್ಯಾಟ್ಸ್ ತೆರೆದಿರುತ್ತದೆ; ಅಲ್ಲಿ ಪ್ರೊವೊಲೋನ್ ಮತ್ತು ಈರುಳ್ಳಿ ಹಾಕಿಸಿಕೊಂಡು, ಕಾವಲಿಯಿಂದ ಹೊಸದಾಗಿ ತೆಗೆದದ್ದನ್ನೇ ಕೊಡುವಂತೆ ವಿನಯದಿಂದ ಕೇಳಿಕೊಳ್ಳಲಿ.